ಓದುಗರ ಪ್ರಶ್ನೆ: ನಡುವೆ ನಿಲ್ಲಿಸಲಾಗದ ಆಟವನ್ನು ಶುರುಮಾಡಬಹುದೇ?

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕ್ ಉದ್ಯೋಗಿ. ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದ ನಾವು ನಾಲ್ವರು ಈಗ ದಿಕ್ಕಿಗೊಬ್ಬರಾಗಿದ್ದೇವೆ. ಟೊರಾಂಟೊ, ಪುಣೆ ಮತ್ತು ಮೈಸೂರಿನಲ್ಲಿರುವ ಉಳಿದ ಮೂವರೂ ಎರಡು ವರ್ಷಗಳಿಂದ ‘ಫೈನಲ್ ಫ್ಯಾಂಟಸಿ 14’ ಎಂಬ ಆನ್‌ಲೈನ್ ಆಟವನ್ನು ಒಟ್ಟಿಗೆ ಆಡುತ್ತಿದ್ದು, ನನ್ನನ್ನೂ ಸೇರಿಕೊಳ್ಳುವಂತೆ ಬೆನ್ನುಬಿದ್ದಿದ್ದಾರೆ. ನನಗೂ ಆಸೆಯಿದೆ. ಆದರೆ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡಿ ಎಂ-3, ಅಂದರೆ ಮೂರನೆಯ ಸೆಮಿಸ್ಟರಿನ ಗಣಿತ, ಫೇಲಾಗಿ ಬ್ಯಾಕ್ ಉಳಿಸಿಕೊಂಡವನು ನಾನು. ಈಗ ನಾಲ್ಕು ವರ್ಷದ ಮಗಳಿದ್ದಾಳೆ. ಅವಳು ಮಲಗಿದ ಮೇಲೆ, ಅಂದರೆ ರಾತ್ರಿ ಒಂಬತ್ತೂವರೆಯ ನಂತರವಷ್ಟೇ ನನಗೆ ಬಿಡುವು. ಹೆಂಡತಿ ‘ನಿಮ್ಮಿಷ್ಟ’ ಎಂದಿದ್ದಾಳೆ. ಮಾವನವರು ‘ಆನ್‌ಲೈನ್ ಆಟಗಳನ್ನೆಲ್ಲ ಸರ್ಕಾರ ನಿಷೇಧಿಸಿದೆಯಲ್ಲ’ ಎನ್ನುತ್ತಾರೆ. ಶುರುಮಾಡಲೇ, ಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ಮಾವನವರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಸುಲಭದ್ದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ಪಣವಿಲ್ಲದೆ, ಚಂದಾ ಅಥವಾ ಪ್ರವೇಶ ಶುಲ್ಕವನ್ನಷ್ಟೇ ಪಡೆಯುವ ಆಟಗಳನ್ನು ಅದೇ ಕಾಯ್ದೆ ಬೇರೆಯಾಗಿಯೇ ಗುರುತಿಸುತ್ತದೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿದ್ದು, ಇವೆಲ್ಲವೂ ಪಣದ ಆಟಗಳ ಸುತ್ತ ನಡೆದ ಗಲಾಟೆಗಳೇ. ಫೈನಲ್ ಫ್ಯಾಂಟಸಿಯಲ್ಲಿ ನೀವು ಎಷ್ಟು ರಕ್ಕಸರನ್ನು ಕೊಂದರೂ ನಿಮ್ಮ ಉಳಿತಾಯ ಖಾತೆಗೆ ಬಿಡಿಗಾಸೂ ಬರುವುದಿಲ್ಲವಾದ್ದರಿಂದ ಕಾನೂನಿನ ಭಯ ಬೇಡ. ಹೆಂಡತಿಯ ‘ನಿಮ್ಮಿಷ್ಟ’ ಒಪ್ಪಿಗೆಯೋ ಎಚ್ಚರಿಕೆಯೋ ಎಂಬುದು ಮದುವೆಯಾದ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕೌಂಟರ್ ಸ್ಟ್ರೈಕನ್ನು ನೆನೆದು ಹೆದರುತ್ತಿದ್ದೀರಿ. ಆದರೆ ಈಗ ನಿಮ್ಮ ಮುಂದಿರುವುದು ಬೇರೆಯೇ ಜಾತಿಯ ಆಟ, ಅದರ ಅಪಾಯವೂ ಬೇರೆ. ಕೌಂಟರ್ ಸ್ಟ್ರೈಕ್‌ನ ಒಂದೊಂದು ಸುತ್ತೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಸೋಲು ಗೆಲುವು ಅಲ್ಲಿಗೇ ತೀರುತ್ತದೆ. ‘ಇನ್ನೊಂದೇ ಸುತ್ತು’ ಎನ್ನುವ ಚಪಲವೇ ಅಲ್ಲಿನ ಬಲೆ. ಸಾವಿರಾರು ಜನ ಏಕಕಾಲಕ್ಕೆ ಒಂದೇ ಲೋಕದಲ್ಲಿ ಪಾತ್ರ ವಹಿಸುವ ಈ ಬಗೆಯ ಆಟದಲ್ಲಿ ಕೊನೆಯ ಸುತ್ತು ಎಂಬುದೇ ಇಲ್ಲ. ನೀವು ಕಂಪ್ಯೂಟರ್ ಆರಿಸಿದ ಮೇಲೂ ಆ ಲೋಕ ನಡೆಯುತ್ತಲೇ ಇರುತ್ತದೆ, ಮತ್ತು ನಾಲ್ವರು ಸೇರಿ ಒಂದು ಡಂಜನ್, ಅಂದರೆ ರಕ್ಕಸರನ್ನು ಕೊಲ್ಲುತ್ತ ಕೊನೆಯ ದೈತ್ಯನವರೆಗೆ ಸಾಗಬೇಕಾದ ತಾಣದ, ಒಳಗೆ ಹೊಕ್ಕರೆ ಮುಗಿಯುವವರೆಗೆ ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಅಲ್ಲಿಲ್ಲ. ನಿಮ್ಮ ನಿರ್ಧಾರಕ್ಕೆ ಬೇಕಾದ ಮುಖ್ಯ ಸಂಗತಿ ಇದೊಂದೇ ಎಂದು ನಾನು ತಿಳಿದಿದ್ದೇನೆ. ಆಟ ಚೆನ್ನಾಗಿದೆಯೇ, ಎಷ್ಟು ಖರ್ಚು ಎಂಬ ಪ್ರಶ್ನೆಗಳೆಲ್ಲ ಇದರ ನಂತರದವು.

ಇದನ್ನು ನಾನು ಹಾಲು ಸೀಯಿಸಿ ಕಲಿತವನು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಆಟದಲ್ಲಿ ನಾನು ಹೀಲರ್, ಅಂದರೆ ಗಾಯಗೊಂಡ ಜೊತೆಗಾರರನ್ನು ಗುಣಪಡಿಸುವವನಾಗಿದ್ದೆ. ಒಲೆಯ ಮೇಲೆ ಹಾಲಿಟ್ಟು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದುಕೊಂಡು ಡಂಜನ್ ಹೊಕ್ಕೆ. ಕೊನೆಯ ದೈತ್ಯನೆದುರು ನಿಂತಿದ್ದಾಗ ಸೀದ ವಾಸನೆ ಬಂತು. ಎದ್ದು ಓಡಿ ಒಲೆ ಆರಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಹೆಣಗಳು ಬಿದ್ದಿದ್ದವು, ಅದರಲ್ಲೊಂದು ನನ್ನದೇ. ಮೂವರು ಅಪರಿಚಿತರಲ್ಲಿ ಇಬ್ಬರು ತುಟಿಪಿಟಿಕ್ಕೆನ್ನದೆ ಮತ್ತೊಮ್ಮೆ ಪ್ರಯತ್ನಿಸಲು ಸಿದ್ಧರಾದರು, ಒಬ್ಬ ಹೊರಟೇಹೋದ. ಪಾತ್ರೆ ಉಜ್ಜಲು ಮರುದಿನ ಅರ್ಧ ಗಂಟೆ ಹಿಡಿಯಿತು. ನಿಮ್ಮ ಮನೆಯಲ್ಲಿ ಉಕ್ಕುವುದು ಹಾಲಲ್ಲ, ಪಕ್ಕದ ಕೋಣೆಯಲ್ಲಿ ನಿದ್ದೆಗಣ್ಣಿನಲ್ಲಿ ‘ಅಪ್ಪಾ’ ಎಂದು ಕೂಗುವ ಮಗು. ಆ ಕೂಗಿಗೆ, ಮೂವರು ಸತ್ತರೆ ಸಾಯಲಿ ಎಂದು ತಟ್ಟನೆ ಎದ್ದುಹೋಗಬಲ್ಲೆನೆಂಬ ನಂಬಿಕೆ ನಿಮಗಿದ್ದರೆ ಮಾತ್ರ ಮುಂದಿನದನ್ನು ಓದಿ.

ಈಗ ಗೆಳೆಯರ ವಿಷಯ. ಅವರು ಹೇಳಿರಲಾರದ ಒಂದು ಸಂಗತಿಯೆಂದರೆ, ನೀವು ಸೇರಿದ ಮರುದಿನವೇ ನಾಲ್ವರೂ ಹಾಸ್ಟೆಲಿನಂತೆ ಒಟ್ಟಿಗೆ ಆಡಲು ಆಗುವುದಿಲ್ಲ. ಈ ಆಟದ ಮೊದಲ ಆವೃತ್ತಿ 2010ರಲ್ಲಿ ಬಂದು ನೆಲಕಚ್ಚಿತು. 2012ರ ನವೆಂಬರ್‌ನಲ್ಲಿ ಅದನ್ನು ಮುಚ್ಚಿ, ನವೋಕಿ ಯೋಷಿದಾ ಅವರ ಮುಂದಾಳತ್ವದಲ್ಲಿ ಬುಡದಿಂದ ಹೊಸದಾಗಿ ಕಟ್ಟಿ 2013ರ ಆಗಸ್ಟ್‌ನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಅಲ್ಲಿಂದ 2024ರವರೆಗೆ ಐದು ದೊಡ್ಡ ಭಾಗಗಳು ಸೇರಿಕೊಂಡಿದ್ದು, ಮುಖ್ಯ ಕಥೆಯನ್ನು ಮೊದಲಿನಿಂದ ಸಾಲಾಗಿ ಆಡಿಕೊಂಡೇ ಬರಬೇಕು. ಒಂದು ಕಂತು ಮುಗಿಯದೆ ಮುಂದಿನ ಊರಿನ ಬಾಗಿಲು ತೆರೆಯದು. ನಿಮ್ಮ ಗೆಳೆಯರು ಬಹುಶಃ ಈಗಿನ ಗರಿಷ್ಠ ಮಟ್ಟವಾದ 100ರಲ್ಲಿರುತ್ತಾರೆ, ನೀವು 1ರಲ್ಲಿರುತ್ತೀರಿ. ರಾತ್ರಿಗೆ ಒಂದೂಕಾಲು ಗಂಟೆಯಂತೆ ವಾರಕ್ಕೆ ಐದು ದಿನ ಕುಳಿತರೂ ವರ್ಷಕ್ಕೆ ಮುನ್ನೂರು ಚಿಲ್ಲರೆ ಗಂಟೆಗಳಷ್ಟೇ ಆಗುತ್ತವೆ. ಕಥೆಯನ್ನು ಓದಿಕೊಂಡು ಆಡುವವನು ಅಷ್ಟರಲ್ಲಿ ಅವರನ್ನು ಹಿಡಿಯುವುದು ಕಷ್ಟ. ಹಾರಿಸಿಕೊಂಡು ಹೋಗಲು ಕಂಪನಿಯೇ ಹಣಕ್ಕೆ ಮಾರುವ ಸೌಲಭ್ಯವೊಂದಿದೆ. ಅದನ್ನು ಕೊಳ್ಳಬೇಡಿ, ಏಕೆಂದರೆ ಕಥೆಯನ್ನು ತೆಗೆದರೆ ಈ ಆಟದಲ್ಲಿ ಉಳಿಯುವುದು ಬರೀ ಗುಂಡಿ ಒತ್ತುವ ಕೆಲಸ.

ಇದರಿಂದ ಗೆಳೆಯರ ಸಹವಾಸ ಸಿಗುವುದೇ ಇಲ್ಲವೆಂದಲ್ಲ. ನೀವು 30ನೇ ಮಟ್ಟದ ಡಂಜನ್‌ಗೆ ಹೊರಟಾಗ 100ರಲ್ಲಿರುವವರು ಜೊತೆಗೆ ಬಂದರೆ, ಅವರ ಬಲವನ್ನು ಆ ಡಂಜನ್ನಿನ ಮಟ್ಟಕ್ಕೇ ಇಳಿಸಿ ಒಳಗೆ ಬಿಡುವ ಏರ್ಪಾಡು ಈ ಆಟದಲ್ಲಿದೆ, ಮತ್ತು ಅದು ನಿಜಕ್ಕೂ ಸೊಗಸಾಗಿ ಕೆಲಸ ಮಾಡುತ್ತದೆ. ಪ್ರಶ್ನೆಯಿರುವುದು ಅವರು ಬರುತ್ತಾರೆಯೇ ಎಂಬುದರಲ್ಲಿ. ನಿಮ್ಮ ರಾತ್ರಿ ಒಂಬತ್ತೂವರೆ ಎಂದರೆ ಟೊರಾಂಟೊದಲ್ಲಿ ಬೇಸಿಗೆಯಾದರೆ ನಡುಮಧ್ಯಾಹ್ನ ಹನ್ನೆರಡು, ಚಳಿಗಾಲವಾದರೆ ಬೆಳಗಿನ ಹನ್ನೊಂದು. ಆ ಗೆಳೆಯ ಕೆಲಸದಲ್ಲಿರುತ್ತಾನೆ. ಅವನ ಶುಕ್ರವಾರದ ರಾತ್ರಿ ಒಂಬತ್ತೂವರೆಗೆ ನಿಮಗೆ ಶನಿವಾರ ಬೆಳಿಗ್ಗೆ ಏಳೋ ಎಂಟೋ ಆಗಿರುತ್ತದೆ, ಅದು ಮಗಳು ಹಾಲು ಕುಡಿಸು ಎಂದು ತೊಡೆಯೇರುವ ಹೊತ್ತು. ಆದ್ದರಿಂದ ಏನನ್ನೂ ಇಳಿಸಿಕೊಳ್ಳುವ ಮೊದಲು ಮೂವರಿಗೂ ಒಂದು ಸಂದೇಶ ಹಾಕಿ, ‘ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ ನನ್ನ ಜೊತೆ ಹಳೆಯ ಡಂಜನ್‌ಗಳಿಗೆ ಬರುತ್ತೀರಿ’ ಎಂದು ನೇರವಾಗಿ ಕೇಳಿ. ಉತ್ತರವಾಗಿ ದಿನವೂ ಗಂಟೆಯೂ ಬಂದರೆ ಸರಿ. ‘ಮೊದಲು ನೀನು ಬಾರೋ ಮಾರಾಯ, ಆಮೇಲೆ ನೋಡೋಣ’ ಎಂದು ಬಂದರೆ, ನೀವು ಸೇರಲಿರುವುದು ಗೆಳೆಯರನ್ನಲ್ಲ, ಒಂದು ಆಟವನ್ನು ಮಾತ್ರ ಎಂದು ತಿಳಿಯಿರಿ.

ಈ ವ್ಯತ್ಯಾಸ ಸಣ್ಣದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅವರೊಂದಿಗೆ ಇಂಥ ಆಟಗಳ ಮೂಲರೂಪವನ್ನು, ಚಿತ್ರಗಳಿಲ್ಲದೆ ಬರೀ ಅಕ್ಷರಗಳಲ್ಲಿ ಕಟ್ಟಿದ ರಿಚರ್ಡ್ ಬಾರ್ಟಲ್, ಆಟಗಾರರನ್ನು ಮುಂದೆ 1996ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದರು: ಮಟ್ಟ ಏರುವುದರಲ್ಲಿ ಸುಖಪಡುವ ಸಾಧಕರು, ಮೂಲೆಮೂಲೆ ಹುಡುಕುವ ಅನ್ವೇಷಕರು, ಮಾತುಕತೆಗೆಂದೇ ಬರುವವರು, ಮತ್ತೊಬ್ಬರ ಮೇಲೆ ಬೀಳುವುದೇ ಆಟವೆನ್ನುವವರು. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಅದರಲ್ಲಿ ಆಟದ ಬಗ್ಗೆ ಒಂದು ಸಾಲೂ ಇಲ್ಲ, ಹಾಸ್ಟೆಲ್ ಕೋಣೆಯ ಬಗ್ಗೆ ಇದೆ. ನೀವು ಮೂರನೆಯ ಬಗೆಯವರು. ಅಂಥವರಿಗೆ ಒಂಟಿಯಾಗಿ ನೂರಾರು ಗಂಟೆ ನಡೆಯುವ ದಾರಿ ಬೇಗ ಬೇಸರ ತರಿಸುತ್ತದೆ. ಇಲ್ಲವೇ, ಎಂ-3 ಬ್ಯಾಕ್ ಉಳಿಸಿದ ಆ ಹಳೆಯ ಸಾಧಕ ಒಳಗಿನಿಂದ ಎದ್ದುಬರುತ್ತಾನೆ. ನಾನು ಹೆದರುವುದು ಅವನಿಗೆ.

ಅದೃಷ್ಟಕ್ಕೆ ಈ ಆಟವನ್ನು ದುಡ್ಡು ಕೊಡದೆ ಪರೀಕ್ಷಿಸಬಹುದು. 2023ರ ಅಕ್ಟೋಬರ್‌ನಿಂದ ಇದರ ಉಚಿತ ಆವೃತ್ತಿಯಲ್ಲಿ 70ನೇ ಮಟ್ಟದವರೆಗೆ, ದಿನಗಳ ಮಿತಿಯಿಲ್ಲದೆ ಆಡಬಹುದಾಗಿದೆ. ಕೆಲವು ಕಟ್ಟುಪಾಡುಗಳಿವೆ: ಮಾರುಕಟ್ಟೆಯಲ್ಲಿ ಕೊಳ್ಳುವಂತಿಲ್ಲ, ಗೆಳೆಯರ ಸಂಘಕ್ಕೆ ಸೇರುವಂತಿಲ್ಲ, ತಂಡವನ್ನು ನೀವು ಕಟ್ಟುವಂತಿಲ್ಲ, ಅವರೇ ನಿಮ್ಮನ್ನು ಕರೆದುಕೊಳ್ಳಬೇಕು. ಇವು ನಿಮಗೆ ತೊಡಕಲ್ಲ, ಬೇಲಿ. ಮಾರುಕಟ್ಟೆಯ ಬೆಲೆ ನೋಡುತ್ತ ಕೂರುವ ಚಟವೊಂದಾದರೂ ತಪ್ಪುತ್ತದೆ. ಒಮ್ಮೆ ಹಣ ಕೊಟ್ಟು ಪೂರ್ಣ ಆವೃತ್ತಿಗೆ ಏರಿದರೆ ಆ ಖಾತೆಯಲ್ಲಿ ಉಚಿತಕ್ಕೆ ಮರಳಲಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಏರಿದವರಿಗೆ ಆಟದ ಬೆಲೆಯ ಮೇಲೆ ತಿಂಗಳ ಚಂದಾ ಕನಿಷ್ಠ 12.99 ಡಾಲರ್, ಎಂದರೆ ಸಾವಿರ ರೂಪಾಯಿಗೂ ಮಿಕ್ಕು. ಬ್ಯಾಂಕಿನವರಿಗೆ ವಿದೇಶಿ ವಹಿವಾಟಿನ ಶುಲ್ಕದ ಬಗ್ಗೆ ನಾನು ಹೇಳಬೇಕಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ನೂರು ಜಿಬಿಗಿಂತ ಹೆಚ್ಚು ಜಾಗ ಬೇಕು. ಯಂತ್ರ ತಡೆದುಕೊಳ್ಳುತ್ತದೆಯೇ ಎಂದು ನೋಡಲು ಕಂಪನಿಯೇ ಉಚಿತವಾಗಿ ಕೊಡುವ ಬೆಂಚ್‌ಮಾರ್ಕ್ ತಂತ್ರಾಂಶವನ್ನು ಮೊದಲು ಓಡಿಸಿ. ಇದರ ಡೇಟಾ ಸೆಂಟರ್‌ಗಳಿರುವುದು ಜಪಾನ್, ಉತ್ತರ ಅಮೆರಿಕ, ಯುರೋಪ್ ಮತ್ತು ಓಷಿಯಾನಿಯಾ ವಲಯಗಳಲ್ಲಿ, ಭಾರತದಲ್ಲಿ ಇಲ್ಲವಾದ್ದರಿಂದ ನೀವು ಒತ್ತಿದ್ದು ಅಲ್ಲಿಗೆ ಮುಟ್ಟಲು ಕೊಂಚ ತಡವಾಗುತ್ತದೆ. ಆದರೂ ಮುಖ್ಯ ಹೊಡೆತಗಳ ನಡುವೆ ಸಾಮಾನ್ಯವಾಗಿ ಎರಡೂವರೆ ಸೆಕೆಂಡಿನ ಅಂತರವಿರುವ ಆಟವಾದ್ದರಿಂದ, ಕೌಂಟರ್ ಸ್ಟ್ರೈಕ್‌ನಲ್ಲಿ ಪ್ರಾಣ ತೆಗೆಯುತ್ತಿದ್ದ ವಿಳಂಬ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಪಾತ್ರ ಸೃಷ್ಟಿಸುವ ಮೊದಲು ಗೆಳೆಯರ ಡೇಟಾ ಸೆಂಟರ್ ಮತ್ತು ಸರ್ವರ್‌ಗಳ ಹೆಸರನ್ನು ಬರೆದುಕೊಳ್ಳಿ. ನಿಮ್ಮ ಪಾತ್ರ ತಪ್ಪು ಊರಿನಲ್ಲಿ ಹುಟ್ಟಿದರೆ ನಾಲ್ವರು ಒಟ್ಟಿಗೆ ಆಡುವ ಮಾತೇ ಬರುವುದಿಲ್ಲ.

ಇನ್ನು ಮಗುವಿರುವ ಮನೆಯವರಿಗಾಗಿ ಒಂದೆರಡು ಮಾತು. ಇಲ್ಲಿ ಶತ್ರುವಿನ ಏಟುಗಳನ್ನು ತಾನು ತಡೆದುಕೊಳ್ಳುವ ಟ್ಯಾಂಕ್, ಹೀಲರ್, ಹೊಡೆಯುವವರು ಎಂದು ಮೂರು ಬಗೆಯ ಪಾತ್ರಗಳಿದ್ದು, ನಾಲ್ವರ ತಂಡದಲ್ಲಿ ಮೊದಲಿನ ಎರಡಕ್ಕೆ ಒಬ್ಬೊಬ್ಬರೇ ಇರುತ್ತಾರೆ. ನೀವು ಹೊಡೆಯುವವರಲ್ಲಿ ಒಬ್ಬರಾಗಿ. ಅಪರಿಚಿತರ ಜೊತೆ ಸೇರಲು ಸರದಿಯಲ್ಲಿ ಹೆಚ್ಚು ಹೊತ್ತು ಕಾಯಬೇಕಾಗುವುದು ನಿಜ, ಆದರೆ ನಡುವೆ ಎದ್ದುಹೋದರೆ ಉಳಿದವರು ಹೇಗೋ ನಿಭಾಯಿಸುತ್ತಾರೆ. ಕಥೆಯ ದಾರಿಯಲ್ಲಿ ಬರುವ ನಾಲ್ವರ ಡಂಜನ್‌ಗಳನ್ನು ಕಂಪ್ಯೂಟರ್ ನಡೆಸುವ ಮೂವರು ಜೊತೆಗಾರರೊಂದಿಗೂ ಆಡುವ ಸೌಲಭ್ಯವನ್ನು 2022ರಿಂದ ಕೊಟ್ಟಿದ್ದಾರೆ. ಅವರನ್ನು ನಡುನೀರಿನಲ್ಲಿ ಕೈಬಿಟ್ಟರೆ ಯಾರಿಗೂ ಬೇಸರವಿಲ್ಲ. ವಾರದ ದಿನಗಳಲ್ಲಿ ಅವರೊಂದಿಗೆ, ವಾರಾಂತ್ಯದಲ್ಲಿ ಗೆಳೆಯರೊಂದಿಗೆ ಎಂದು ಇಟ್ಟುಕೊಳ್ಳಿ. ಮನುಷ್ಯರ ತಂಡವನ್ನು ಬಿಟ್ಟು ಹೊರಬಂದವರಿಗೆ ಮತ್ತೆ ಸರದಿ ಸೇರಲು ಅರ್ಧ ಗಂಟೆ ತಡೆ ಹಾಕುತ್ತಾರೆ. ಆ ಶಿಕ್ಷೆ ಬಿದ್ದಾಗ ಸಂತೋಷದಿಂದ ಹೋಗಿ ಮಲಗಿ.

ದಿನಕ್ಕೊಮ್ಮೆ ಸಿಗುವ ಬಹುಮಾನಗಳ ಲೆಕ್ಕ ಹೊಸದಾಗುವುದು ನಮ್ಮ ರಾತ್ರಿ ಎಂಟೂವರೆಗೆ, ಅಂದರೆ ನಿಮ್ಮ ಮಗಳಿಗೆ ಕಥೆ ಹೇಳಿ ಮಲಗಿಸುವ ಹೊತ್ತಿಗೆ ಸರಿಯಾಗಿ. ಇಂಥ ಕೊಕ್ಕೆಗಳು ಇನ್ನೂ ಇವೆ. ಹಣ ಕೊಡುವವರು ಆಟದೊಳಗೆ ಸ್ವಂತ ಮನೆಯನ್ನೂ ಕೊಳ್ಳಬಹುದು, ಆದರೆ 45 ದಿನ ಅದರೊಳಗೆ ಕಾಲಿಡದಿದ್ದರೆ ಮನೆಯನ್ನು ಕೆಡವುತ್ತಾರೆ. ಹೊಸದೇನೂ ಇಲ್ಲದಾಗ ಚಂದಾ ನಿಲ್ಲಿಸಿ ಬೇರೆ ಕೆಲಸ ನೋಡಿಕೊಳ್ಳಿ, ಹೊಸ ಭಾಗ ಬಂದಾಗ ಮರಳಿ ಬನ್ನಿ ಎಂದು ಯೋಷಿದಾ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಆ ಮಾತಿಗೂ ಈ ಮನೆಯ ನಿಯಮಕ್ಕೂ ಹೊಂದಾಣಿಕೆಯಿಲ್ಲ. ಮುಂದೆಂದಾದರೂ ಪೂರ್ಣ ಆವೃತ್ತಿಗೆ ಹೋದರೂ ಮನೆ ಮಾತ್ರ ಕೊಳ್ಳಬೇಡಿ.

ಚಟದ ಭಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಆಟದ ವ್ಯಸನ ಅದರಲ್ಲಿ ಸೇರಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಕೆಡುಕು ಕಣ್ಣೆದುರೇ ಕಂಡರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡರೆ ಅದನ್ನು ವ್ಯಸನವೆನ್ನುತ್ತಾರೆ. ಒಂದು ಬ್ಯಾಕ್ ಉಳಿದದ್ದು ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ನಿಮ್ಮ ಸ್ವಭಾವ ನಿಮಗೆ ಗೊತ್ತಿರುವುದರಿಂದ ಒಂದು ತಿಂಗಳು ಉಚಿತ ಆವೃತ್ತಿ ಆಡಿ, ಹನ್ನೊಂದಕ್ಕೆ ಏಳುವ ಕಟ್ಟಳೆ ಇಟ್ಟುಕೊಂಡು, ಎದ್ದ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯಿರಿ. ಬರೆಯುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದರೆ ‘ನಿಮ್ಮಿಷ್ಟ’ ಎಂಬುದರ ಅರ್ಥವೂ ತಿಳಿಯುತ್ತದೆ. ತಿಂಗಳ ಕೊನೆಯಲ್ಲಿ ಆ ಅಂಕಿಗಳು ಹನ್ನೊಂದರಿಂದ ಹನ್ನೆರಡೂವರೆಗೆ ಜಾರಿದ್ದರೆ ಅಳಿಸಿಹಾಕಿ, ಗೆಳೆಯರೊಂದಿಗೆ ಫೋನಿನಲ್ಲಿ ಮಾತನಾಡಿ. ಅಳಿಸಲೂ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ, ಇದಕ್ಕೆಂದೇ ಇರುವ ಶಟ್ ಕ್ಲಿನಿಕ್‌ಗೆ ಹೋಗಲು ಸಂಕೋಚಪಡಬೇಕಿಲ್ಲ. ಅಂಕಿಗಳು ಹನ್ನೊಂದರಲ್ಲೇ ನಿಂತಿದ್ದರೆ ಆಡಿ. ಎರಡನೆಯ ತಿಂಗಳಿಗೆ ನನ್ನ ಅನುಮತಿ ಬೇಕಿಲ್ಲ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 20ನೇ ಮಟ್ಟದವರೆಗೆ ಉಚಿತವೆಂದು ತಿಳಿಯಿತು. ದಿನಕ್ಕೆ ಅರ್ಧ ಗಂಟೆ ಮಾತ್ರ ಆಡಿದರೆ ತಪ್ಪೇ?
– ದಾವಣಗೆರೆ

ಉತ್ತರ: ತಪ್ಪಲ್ಲ, ಆದರೆ ಆಗದ ಮಾತು. ಒಂದೂರಿನಿಂದ ಇನ್ನೊಂದೂರಿಗೆ ಗ್ರಿಫಿನ್ ಪಕ್ಷಿಯ ಬೆನ್ನೇರಿ ಹಾರುವುದರಲ್ಲೇ ಕೆಲವೊಮ್ಮೆ ಎಷ್ಟೋ ನಿಮಿಷ ಕಳೆದುಹೋಗುವ ಆಟದಲ್ಲಿ ಅರ್ಧ ಗಂಟೆ ಎಂದರೆ ಚಪ್ಪಲಿ ಬಿಚ್ಚುವಷ್ಟು ಹೊತ್ತು. 2004ರಿಂದ ನಡೆಯುತ್ತಿರುವ ಆಟ ಇನ್ನು ಕೆಲವು ತಿಂಗಳಲ್ಲಿ ಓಡಿಹೋಗುವುದಿಲ್ಲ. ಸಿಇಟಿ ಮುಗಿದ ಸಂಜೆ ಶುರುಮಾಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 63. ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿದರೆ ‘ಊಟ ಆಯ್ತಾ, ಮಳೆ ಬಂತಾ’ ಎಂದ ಮೇಲೆ ಇಬ್ಬರಿಗೂ ಮಾತಿರುವುದಿಲ್ಲ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅಂತ ಒಂದು ಆಟ ಇದೆ, ಒಟ್ಟಿಗೆ ಆಡೋಣ ಬಾ ಅಮ್ಮ’ ಎನ್ನುತ್ತಿದ್ದಾಳೆ. ನನ್ನ ಬಳಿ ಇರುವುದು ಸ್ಮಾರ್ಟ್‌ಫೋನ್ ಮಾತ್ರ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?
– ಶಿರಸಿ

ಉತ್ತರ: ಬೇಕು. ನಿಮ್ಮ ಮಗಳು ಯೋಚಿಸಿಯೇ ಆರಿಸಿದ್ದಾಳೆ. 2013ರಲ್ಲಿ ತೆರೆದ ಈ ಆಟ 2007ರ ಹಳೆಯ ರೂನ್‌ಸ್ಕೇಪ್‌ನ ಪ್ರತಿರೂಪವಾದ್ದರಿಂದ ಅದರ ಚಿತ್ರಗಳು ಈಗಿನ ಮಕ್ಕಳಿಗೆ ನಗು ತರಿಸುವಷ್ಟು ಸರಳ. 2018ರಿಂದ ಅದು ಫೋನಿನಲ್ಲೂ ದೊರೆಯುತ್ತಿದ್ದು, ಅವಳು ಕಂಪ್ಯೂಟರಿನಲ್ಲಿದ್ದರೂ ನೀವು ಫೋನಿನಲ್ಲಿ ಅವಳ ಪಕ್ಕದಲ್ಲೇ ನಿಲ್ಲಬಹುದು. ಚಂದಾ ಕೊಡದೆಯೂ ಸಾಕಷ್ಟು ದೊಡ್ಡ ಭಾಗ ತೆರೆದಿರುತ್ತದೆ. ಇಡೀ ಆಟ 0.6 ಸೆಕೆಂಡಿಗೊಂದು ಹೆಜ್ಜೆಯಂತೆ ನಡೆಯುವುದರಿಂದ ಬೆರಳಿನ ಚುರುಕು ಹೆಚ್ಚು ಬೇಕಿಲ್ಲ: ಮರವನ್ನು ಮುಟ್ಟಿದರೆ ನಿಮ್ಮ ಪಾತ್ರ ತಾನೇ ಕಡಿಯುತ್ತ ನಿಲ್ಲುತ್ತದೆ, ನೀವು ಮಗಳೊಂದಿಗೆ ಮಾತನಾಡುತ್ತಿರಬಹುದು. ಮರ ಕಡಿಯುವಾಗ ನೆಟ್‌ವರ್ಕ್ ಹೋದರೂ ಕಳೆದುಕೊಳ್ಳುವುದು ಏನೂ ಇಲ್ಲ, ಕರೆಂಟ್ ಬಂದ ಮೇಲೆ ಮತ್ತೆ ಹೋದರಾಯಿತು. ಒಂದೊಂದು ಕಸುಬಿನಲ್ಲೂ 99 ಮಟ್ಟಗಳಿದ್ದು, ಕೊನೆಯದನ್ನು ಮುಟ್ಟಲು ಬೇಕಾದ 1,30,34,431 ಅಂಕಗಳಲ್ಲಿ ಅರ್ಧ ದಾರಿ ಮುಗಿಯುವುದು 92ನೇ ಮಟ್ಟಕ್ಕೆ. ಈ ಲೆಕ್ಕವನ್ನು ನೋಡಿ ನಕ್ಕು ಮರೆತುಬಿಡಿ.

ಎರಡು ಎಚ್ಚರಿಕೆಗಳಿವೆ. ‘ನಿಮ್ಮ ನಾಣ್ಯ ಕೊಡಿ, ದುಪ್ಪಟ್ಟು ಮಾಡಿ ಹಿಂದಿರುಗಿಸುತ್ತೇನೆ’ ಎನ್ನುವವರು ಅಲ್ಲಿಯೂ ಇದ್ದಾರೆ, ಹೆಚ್ಚಾಗಿ ವ್ಯಾರಕ್ ನಗರದ ಸಂತೆಯ ಬಳಿ, ನಂಬಬೇಡಿ. ಆ ನಗರದ ಉತ್ತರಕ್ಕೆ ಒಂದು ಕಂದಕವಿದೆ, ಅದನ್ನು ದಾಟಿದರೆ ಇತರ ಆಟಗಾರರು ನಿಮ್ಮನ್ನು ಕೊಂದು ದೋಚಬಹುದು. ಸಮಯದ ಮಟ್ಟಿಗೆ ನಿಮ್ಮ ಮಧ್ಯಾಹ್ನದ ಮೂರೂವರೆ ಒಳ್ಳೆಯದು. ಆಗ ಅವಳಿಗೆ ರಾತ್ರಿ ಎಂಟು, ಅವರ ಬೇಸಿಗೆಯಲ್ಲಿ ಒಂಬತ್ತು.

ಹೊಸಬರನ್ನು ಮೊದಲು ಟ್ಯುಟೋರಿಯಲ್ ದ್ವೀಪದಲ್ಲಿ ಇಳಿಸುತ್ತಾರೆ. ಅಲ್ಲಿಂದ ಒಮ್ಮೆ ಹೊರಬಂದವರು ಮತ್ತೆ ಹೋಗಲಾಗದ ಕಾರಣ ಮಗಳು ಜೊತೆಗೆ ಬರಲಾರಳು. ಸಿಗಡಿ ಹಿಡಿದು ಸುಡುವುದು, ಹಿಟ್ಟು ಕಲಸಿ ಬ್ರೆಡ್ ಮಾಡುವುದು, ಹೆಗ್ಗಣ ಕೊಲ್ಲುವುದು, ಇಂಥದನ್ನೆಲ್ಲ ನೀವೊಬ್ಬರೇ ಮಾಡಬೇಕು. ಸಸ್ಯಾಹಾರಿಗಳಿಗೂ ವಿನಾಯಿತಿಯಿಲ್ಲ. ಅದು ಮುಗಿದರೆ ಲಂಬ್ರಿಜ್ ಎಂಬ ಊರಿಗೆ ಬರುತ್ತೀರಿ. ಆಟದಲ್ಲಿ ಒಂದೇ ಊರಿನ ನೂರಾರು ಪ್ರತಿಗಳಿದ್ದು, ಒಂದೊಂದಕ್ಕೂ ಒಂದೊಂದು ಸಂಖ್ಯೆಯಿದೆ. ನೀವು ಮೊದಲೇ ಮಗಳ ಸಂಖ್ಯೆಯನ್ನು ಕೇಳಿಕೊಂಡು ಅದನ್ನೇ ಆರಿಸಿ, ಆ ಊರಿನ ಕೋಟೆಯ ಅಂಗಳದಲ್ಲಿ ಕಾಯುತ್ತಿರಲು ಅವಳಿಗೆ ಹೇಳಿ.